ಸೋತೋಳಿಗೆ ಮೊದಲು

ಪ್ರಯೋಗಾಲಯದ ಹುಳದಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅವಳು ಕೂತು ಉಂಡದ್ದನ್ನು ಮಗಳೂ ಕಂಡಿರಲಿಲ್ಲ. ಹುಳ ಸಾಕುವ ನೀರಿನ ತೊಟ್ಟಿಯಿಂದ ತೊಟ್ಟಿಗೆ ಓಡುತ್ತ, ಕಸ ಗುಡಿಸುವವಳನ್ನೂ ನಿಲ್ಲಿಸಿ ತನ್ನ ಚಪ್ಪಟೆ ಹುಳುಗಳ ಜಗಳ ತೋರಿಸುತ್ತಿದ್ದಳು: "ನೋಡೇ, ಒಂದೊಂದೂ ಗಂಡೂ ಹೌದು, ಹೆಣ್ಣೂ ಹೌದು. ಚುಚ್ಚಿದ್ದು ಅಪ್ಪ, ಚುಚ್ಚಿಸಿಕೊಂಡದ್ದು ಅಮ್ಮ. ಮೊಟ್ಟೆ ಹೊರೋದು ಬೇಡ ಅಂತ ಗಂಟೆಗಟ್ಟಲೆ ಕತ್ತಿವರಸೆ!" "ನಮ್ಮನೇಲಿ ಐದೇ ನಿಮಿಷಕ್ಕೆ ನಾನು ಸೋತೆ ಕಣಕ್ಕ," ಎಂದು ಕಸ ಗುಡಿಸುವವಳು ನಗುತ್ತಿದ್ದಳು. ಹುಳದಕ್ಕ ಮಾತ್ರ ನಗದೆ, "ಸೋತೋಳಿಗೆ ಮೊದಲು," ಎನ್ನುತ್ತ ಚುಚ್ಚಿಸಿಕೊಂಡ ಹುಳಕ್ಕೇ ಮೊದಲು ಆಹಾರ ಹಾಕುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಒಬ್ಬಳೇ ಸಾಕಿದ ಅವಳು, ಕೊನೆಯ ವಾರ ಆಸ್ಪತ್ರೆಯಲ್ಲೂ ಮಂಚದಿಂದ ಇಳಿದಿಳಿದು, ಊಟ ತಂದ ಮಗಳಿಗೆ "ಮೊದಲು ನೀನು ಉಣ್ಣು," ಎಂದು ಹಟ ಹಿಡಿದಳು. ಮಗಳು ಚಮಚ ಎತ್ತಿ, "ಸೋತೋಳಿಗೆ ಮೊದಲು, ಅಮ್ಮ," ಎಂದಳು. ಹುಳದಕ್ಕ ಕೂತು ಉಂಡಳು.