ನಾಗವ್ವನ ಗುಂಡಿಗೆ ನಾನು ಬಿಟ್ಟ ನೀರು

ನಿನ್ನ ಸೆಗಣಿ ಗುಂಡಿ ಉಕ್ಕಿ ಹರಿದದ್ದು ನಿನ್ನ ತಪ್ಪಿನಿಂದಲ್ಲ, ನಾಗವ್ವ. ಕೊಟ್ಟಿಗೆಯ ತಗಡಿನಿಂದ ಸುರಿವ ಮಳೆನೀರನ್ನು ಅದರೊಳಕ್ಕೆ ಬಿಟ್ಟವಳು ನಾನು — ನಿನ್ನ ನೆಗೆಣ್ಣಿ, ನೀನು ಬಾಯಿತುಂಬ ಅಕ್ಕ ಎಂದು ಕರೆಯುವವಳು.

ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕುವುದಿಲ್ಲ. ಹಲಸಿ ಊರಿನ ಹತ್ತಿರದ ಈ ಮನೆಗೆ ನಿನಗಿಂತ ಮೊದಲು ಸೊಸೆಯಾಗಿ ಬಂದವಳು ನಾನು. ಎಮ್ಮೆಗಳ ಸೆಗಣಿ ಬಾಚಿ ಬಾಚಿ ಸೊಂಟ ಬಿದ್ದುಹೋಯಿತು. ಕೊಟ್ಟಿಗೆ ತೊಳೆದ ನೀರನ್ನು ಊರವರೆಲ್ಲ ಮಾಡುವಂತೆ ಹಳ್ಳಕ್ಕೆ ಬಿಟ್ಟೆ. ಯಾರೂ ಒಂದು ಮಾತು ಆಡಲಿಲ್ಲ, ಒಳ್ಳೆಯದನ್ನೂ ಕೆಟ್ಟದ್ದನ್ನೂ. ಆಮೇಲೆ ನೀನು ಬಂದೆ. ಹಿತ್ತಲಲ್ಲಿ ಗುಂಡಿ ತೋಡಿಸಿ ಸೆಗಣಿ, ಗಂಜಲ, ತೊಳೆದ ನೀರು ಎಲ್ಲವನ್ನೂ ಅದರಲ್ಲಿ ಕೊಳೆಸಿ ಮೇವಿನ ಹುಲ್ಲಿಗೆ ಹಾಯಿಸಿದೆ. ಹುಲ್ಲು ಆಳೆತ್ತರ ಬೆಳೆಯಿತು. ನಿನ್ನನ್ನು ನೋಡಿ ಓಣಿಯ ಹೆಂಗಸರೂ ತೋಡಿದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಳ್ಳ ತಿಳಿಯಾಯಿತು. “ನಾಗವ್ವನ ತಲಿ ನೋಡ್ರಿ, ಶೆಗಣ್ಯಾಗೂ ಓಡತೈತಿ,” ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ನನ್ನೆದುರಿಗೇ — ನಾನಾಗ ಸೆಗಣಿಯ ಬುಟ್ಟಿ ಹೊತ್ತು ನಿಂತಿದ್ದೆ.

ಅಷ್ಟರಲ್ಲಿ ನಿನ್ನನ್ನು ಬೆಳಗಾವಿಗೆ ಕರೆದರು, ರಾಮತೀರ್ಥ ನಗರದಲ್ಲಿ ಹೈನುಗಾರ ಹೆಣ್ಣುಮಕ್ಕಳ ಸಭೆಯಲ್ಲಿ ಮಾತಾಡಲು. ಹೊರಡುವಾಗ ನನಗೊಂದು ಕೆಲಸ ಒಪ್ಪಿಸಿದೆ.

“ಅಕ್ಕಾ, ಮಳಿ ಜೋರಾದ್ರ ತಗಡಿನ ನೀರು ಗುಂಡಿಗೆ ಹೋಗಗೊಡಬ್ಯಾಡ್ರಿ. ಅಡ್ಡ ಕಲ್ಲು ಇಟ್ಟೀನಿ, ಅದು ಸರೀಲಾರದಂಗ ನೋಡ್ಕೋರಿ.”

ಮಳೆ ಬಂತು, ನಮ್ಮ ಖಾನಾಪುರದ ಮಳೆ ಬರುವ ಹಾಗೆಯೇ, ಧೋ ಎಂದು. ಗೋಣಿಚೀಲ ಹೊದ್ದು ಹಿತ್ತಲಿಗೆ ಹೋದೆ. ಕಲ್ಲು ಸರಿದಿರಲಿಲ್ಲ. ಹೊಸ ಸೀರೆಯುಟ್ಟು ಮೈಕಿನ ಮುಂದೆ ನಿಂತ ನೀನು ಕಣ್ಣಿಗೆ ಕಟ್ಟಿದೆ... ನಾನು ಕಲ್ಲನ್ನು ಕಾಲಿನಿಂದ ತಳ್ಳಿದೆ. ಬಗ್ಗುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ ಚಹಾ ಕುಡಿದೆ, ರುಚಿಯಾಗಿಯೇ ಇತ್ತು.

ಸಂಜೆಯೊಳಗೆ ಗುಂಡಿ ಉಕ್ಕಿ ಬಗ್ಗಡವೆಲ್ಲ ಹಳ್ಳ ಸೇರಿತು. ನೀನು ಮರಳುವ ಮೊದಲು ಕಲ್ಲನ್ನು ಅದರ ಜಾಗಕ್ಕೇ ಇಟ್ಟೆ. ಬೆಳಗ್ಗೆ ಮೀನು ಸತ್ತು ತೇಲಿದವು. ಹೆಂಗಸರು ಬಾಗಿಲಿಗೆ ಬಂದು ಕೂಗಾಡಿದರು. “ಹಳ್ಳ ಉಳಸ್ತೀನಿ ಅಂದಾಕಿನ ಹಳ್ಳ ಕೆಡಸಿದ್ಲು!” ಬೆಳಗಾವಿಯ ರವಿವಾರ ಪೇಟೆಯಲ್ಲಿ ನನಗೆಂದು ಕೊಂಡ ಚಹಾಪುಡಿಯನ್ನು ಆಗಷ್ಟೇ ನನ್ನ ಕೈಗಿಟ್ಟಿದ್ದೆ ನೀನು.

“ಅಕ್ಕಾ, ಕಲ್ಲು ಇತ್ತಿಲ್ರಿ?”

“ಇತ್ತವಾ. ನಿನ್ನ ಗುಂಡೀನ ಸಣ್ಣದಾತು.”

ನೀನು ನಂಬಿಬಿಟ್ಟೆ. ನನ್ನ ಜತೆ ಜಗಳವಾಡಿದ್ದರೆ — ಇಲ್ಲ, ಆಗಲೂ ಸುಳ್ಳನ್ನೇ ಹೇಳುತ್ತಿದ್ದೆ. ನೀನೇ ನಿನ್ನ ಕೈಯಿಂದ ಗುಂಡಿಗೆ ಮಣ್ಣೆಳೆದೆ. ಓಣಿಯವರೂ ತಮ್ಮ ಗುಂಡಿಗಳನ್ನು ಮುಚ್ಚಿದರು. ಹಳ್ಳಕ್ಕೆ ಮತ್ತೆ ಪಾಚಿ, ಮತ್ತೆ ನಾತ. ನನಗೆ ಖುಷಿಯಾಗಿತ್ತು, ಮುಚ್ಚಿಡುವುದೇನು. ಆ ದಿನಗಳಲ್ಲಿ ನಿದ್ದೆ ಕೂಡ ಚೆನ್ನಾಗಿ ಬಂತು.

ವರ್ಷಗಳು ಕಳೆದವು. ಮೊನ್ನೆ ನಿನ್ನ ಮಗಳು ಮತ್ತೆ ಗುಂಡಿ ತೋಡೋಣ ಎಂದಳು. ನೀನು ತಲೆ ಎತ್ತದೆ ಅಂದೆ: “ನನ್ನ ಲೆಕ್ಕ ತಪ್ಪತೈತಿ. ದೊಡ್ಡವ್ವನ ಕೇಳ.”

ನನ್ನನ್ನು! ಇಷ್ಟು ವರ್ಷ ನನ್ನ ಒಂದು ಮಾತಿಗೆ ನೀನು ನಿನ್ನ ಬುದ್ಧಿಯನ್ನೇ ನಂಬದೆ ಬದುಕಿದ್ದೀ. ನಾನು ಮುಚ್ಚಿಸಿದ್ದು ಗುಂಡಿಯನ್ನಷ್ಟೇ ಅಂದುಕೊಂಡಿದ್ದೆ.

ಮೊದಲು ನಿನಗೆ ಹೇಳುತ್ತೇನೆ. ಆಮೇಲೆ ಡೇರಿಗೆ ಹಾಲು ಹಾಕಲು ಸೇರುವ ಹೆಂಗಸರೆಲ್ಲರ ಮುಂದೆ. ಕ್ಷಮಿಸಬೇಡ. ನೀನು ಮತ್ತೆ ತೋಡುತ್ತೀ, ಹುಲ್ಲು ಬೆಳೆಯುತ್ತದೆ, ಊರು ನಿನ್ನನ್ನು ಹೊಗಳುತ್ತದೆ. ನನ್ನ ಹೊಟ್ಟೆ ಮತ್ತೆ ಉರಿಯುತ್ತದೆ, ಬಲ್ಲೆ.

ಉರಿಯಲಿ.