ಅಮ್ಮನ ಅಕ್ಕಿ, ನನ್ನ ಸಾಕ್ಷಿ

ಏಳನೇ ಕ್ಲಾಸಿನಲ್ಲಿ ಹಿಮದ ಮೇಲೆ ಎಸ್ಸೇ ಬರೆದು ಫಸ್ಟ್ ಪ್ರೈಜ್ ಗೆದ್ದವಳು ನಾನು. ಹಾಸನದ ಕಾನ್ವೆಂಟಿನಲ್ಲಿ ಕೂತು, ಬೆಳಗಿನ ಮಂಜಿಗಿಂತ ಹೆಚ್ಚೇನೂ ಕಾಣದವಳು, ಹಿಮ ಅಂಗೈಯಲ್ಲಿ ಹೇಗೆ ಕರಗುತ್ತದೆಂದು ಎರಡು ಪುಟ ಬರೆದಿದ್ದೆ. ಟೀಚರ್ ಅದನ್ನು ಅಸೆಂಬ್ಲಿಯಲ್ಲಿ ಓದಿಸಿದರು. ಅವರೂ ಹಿಮ ನೋಡಿರಲಿಲ್ಲ; ಅವರ ಊರು ಪಕ್ಕದ ಸಾಲಗಾಮೆ.

ನನ್ನ ದೇವರೂ ಬಹಳ ಕಾಲ ಆ ಹಿಮದ ಹಾಗೇ ಇದ್ದ. ಬೈಬಲ್ ಕ್ವಿಜ್‌ನಲ್ಲಿ ನನ್ನನ್ನು ಸೋಲಿಸುವವರಿರಲಿಲ್ಲ. ಆದರೆ ನಮ್ಮ ಶುಕ್ರವಾರದ ಪ್ರಾರ್ಥನಾ ಕೂಟದಲ್ಲೊಂದು ಪದ್ಧತಿಯಿದೆ: ಹಾಡು ಮುಗಿದ ಮೇಲೆ, ಕಾಫಿ ಬರುವ ಮೊದಲು, ದೇವರು ತನಗೇನು ಮಾಡಿದನೆಂದು ಒಬ್ಬೊಬ್ಬರೂ ಸಾಕ್ಷಿ ಹೇಳಬೇಕು. ನಾನು ಪ್ರತಿಸಲವೂ ಹೇಳುತ್ತಿದ್ದುದು ಅಮ್ಮನ ಸಾಕ್ಷಿ. ಹೊಳೆನರಸೀಪುರದ ಮನೆಯಲ್ಲಿ ಅಕ್ಕಿ ತೀರಿದ ದಿನ ಅಮ್ಮ ಪ್ರಾರ್ಥನೆ ಮಾಡಿ ಬರೀ ಎಸರಿಟ್ಟು ಕೂತಳಂತೆ. ನೀರು ಕುದಿಯುವ ಹೊತ್ತಿಗೆ ಪಕ್ಕದ ಮನೆಯಾಕೆ ಮೊರದ ತುಂಬ ಹೊಸ ಅಕ್ಕಿ ತಂದರಂತೆ. ನಾನು ಎಸರಿಗೆ ಬರುವಷ್ಟರಲ್ಲಿ ಕೂಟದ ಹಿರಿಯರಾದ ಸರೋಜಮ್ಮ, "ಈಗ ಬಾಗ್ಲು ತಟ್ತಾರೆ ನೋಡಿ" ಎಂದು ಪಕ್ಕದವರಿಗೆ ಪಿಸುಗುಡುತ್ತಿದ್ದರು.

ಆ ಅನ್ನ ಉಂಡವಳು ಅಮ್ಮ. ನಾನಿನ್ನೂ ಹುಟ್ಟೇ ಇರಲಿಲ್ಲ.

ಹೋದ ವರ್ಷ ಚನ್ನರಾಯಪಟ್ಟಣದಲ್ಲಿರುವ ನನ್ನ ತಂಗಿ ಲಿಲ್ಲಿಗೆ ಹಾರ್ಟ್ ಆಪರೇಷನ್ ಆಗಬೇಕಾಯಿತು. ಆವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳ ಕೈ ತಣ್ಣಗಿತ್ತು. "ಅಕ್ಕಾ, ಎದ್ ಬತ್ತೀನಾ ನಾನು?" ಎಂದಳು. ನಾನು ಗಂಟಲು ಸರಿಮಾಡಿಕೊಂಡು ಹೊಳೆನರಸೀಪುರದಿಂದ ಶುರುಮಾಡಿದೆ.

"ಅಮ್ಮನ್ ಅಕ್ಕಿ ಬ್ಯಾಡ ಕಣಕ್ಕಾ. ದೇವ್ರು ನಿಂಗೇನ್ ಮಾಡವ್ನೆ, ಅದನ್ನೇಳು."

ತಡಕಿದೆ. ಸ್ವಂತದ್ದೊಂದು ಹಿಡಿಯೂ ಸಿಗಲಿಲ್ಲ. "ಗೊತ್ತಿಲ್ಲ ಲಿಲ್ಲಿ" ಎಂದೆ. ಬಾಯಿಪಾಠದ ಇಂಗ್ಲಿಷ್ ಪ್ರೇಯರ್‌ಗಳೆಲ್ಲ ಕೈಕೊಟ್ಟವು. ಅವಳ ಕೈ ಹಿಡಿದು ಮನಸ್ಸಿನಲ್ಲೇ, ಸ್ವಾಮಿ, ನನ್ನ ಕೈಲಾಗಲ್ಲ, ಇವಳ ಪಕ್ಕ ನೀನೇ ಕೂತ್ಕೋ ಅಂದೆ, ಅಷ್ಟೆ.

ಆಮೇಲೆ ಏನಾಯಿತೆಂದರೆ, ಏನೂ ಆಗಲಿಲ್ಲ. ವಾರ್ಡಿನ ಟ್ರಾಲಿಗಳ ಗಡಗಡ ಹಾಗೇ ಇತ್ತು. ನನ್ನೆದೆಯ ಡವಡವ ಮಾತ್ರ, ಯಾರೋ ಹೆಗಲ ಮೇಲೆ ಕೈಯಿಟ್ಟ ಹಾಗೆ, ನಿಂತುಹೋಯಿತು. ಹಿಡಿದ ಕೈ ಬೆಚ್ಚಗಾಗಿತ್ತು. ನೋಡಿದರೆ ಲಿಲ್ಲಿಗೆ ಒಳ್ಳೆಯ ನಿದ್ದೆ.

ಆಪರೇಷನ್ ಮುಗಿಸಿ ಲಿಲ್ಲಿ ಎದ್ದು ಬಂದಳು. ಬಾರದೇ ಹೋಗಿದ್ದರೂ ಆ ಗಳಿಗೆಯನ್ನು ಸಾಕ್ಷಿ ಎನ್ನುತ್ತಿದ್ದೆನೇ? ಅನ್ನುತ್ತಿದ್ದೆ ಎಂದು ಬರೆಯುವ ಧೈರ್ಯವಿಲ್ಲ, ಆಸೆಯಿದೆ.

ಮುಂದಿನ ಕೂಟದಲ್ಲಿ ತಡವರಿಸುತ್ತಾ ಅದನ್ನೇ ಹೇಳಿದೆ. ಬಾಗಿಲು ಎಲ್ಲಿ ತಟ್ಟುತ್ತಾರೋ ತಿಳಿಯದೆ ಸರೋಜಮ್ಮ ಮೊದಲ ಸಲ ಪಿಸುಗುಡದೆ ಕೇಳಿಸಿಕೊಂಡರು. ಕೊನೆಗೆ, "ಅಷ್ಟೇನಾ?" ಎಂದರು.

"ಅಷ್ಟೇ" ಎಂದೆ.

ಫೋನಿನಲ್ಲಿ ಲಿಲ್ಲಿಗೆ ಹೇಳಿದರೆ ನಗತೊಡಗಿದಳು. "ಅಯ್ಯೋ, ನಿದ್ದೆ ಮಾಡಿದ್ದು ನೀನು ಕಣಕ್ಕಾ. ನಂಗೆ ಧೈರ್ಯ ಬಂತು, ಕಣ್ ಬುಟ್ ನೋಡ್ತೀನಿ, ನೀನು ಬಾಯ್ ಬುಟ್ಕೊಂಡು ಗೊರಕೆ ಒಡೀತಾ ಇದ್ದೆ. ನಮ್ ಚರ್ಚಲ್ಲಿ ಅಂಗೇ ಸಾಕ್ಷಿ ಯೋಳ್ಬುಟ್ಟೆ."

ಅವಳ ಸಾಕ್ಷಿಯನ್ನು ತಿದ್ದಲು ನಾನು ಹೋಗಲಿಲ್ಲ. ಏಳನೇ ಕ್ಲಾಸಿನ ಆ ಎಸ್ಸೇಯಲ್ಲಿ ನಾನು ಬರೆಯದೇ ಬಿಟ್ಟ ಒಂದು ಸಂಗತಿಯಿದೆ: ಹಿಮ ಕರಗಿದ ಮೇಲೆ ಇನ್ನೊಬ್ಬರಿಗೆ ತೋರಿಸಲು ಉಳಿಯುವುದು ಒದ್ದೆ ಅಂಗೈ ಮಾತ್ರ.