ಇಸ್ತ್ರಿ ಅಕ್ಕ ದಾಟಿಸಿದ ಮಾತು

ಆ ಲಾಂಡ್ರಿಯ ಇಸ್ತ್ರಿ ಮೇಜಿನ ಮುಂದೆ ಹತ್ತೊಂಬತ್ತು ವರ್ಷ ನಿಂತವಳಿಗೆ ಬಾಸ್ಕೆಟ್‌ಬಾಲ್ ಪರಿಚಯವಾಗಿದ್ದು ಬೆವರಿನ ವಾಸನೆಯಿಂದ. ಊರಿನ ಕ್ಲಬ್ಬಿನ ಜೆರ್ಸಿಗಳು ವಾರಕ್ಕೆರಡು ಸಲ ಚೀಲ ತುಂಬಿ ಬರುತ್ತಿದ್ದವು. ಅಂಕಿಗಳ ಮೇಲೆ ತೆಳ್ಳನೆಯ ಬಟ್ಟೆ ಹಾಸಿ ಇಸ್ತ್ರಿ ಎಳೆಯಬೇಕು, ಇಲ್ಲದಿದ್ದರೆ ಅಂಕಿ ಕರಗಿ ಪೆಟ್ಟಿಗೆಗೆ ಮೆತ್ತಿಕೊಳ್ಳುತ್ತದೆ. ಗಂಡನ ಜೊತೆ ಸಮುದ್ರ ದಾಟಿ ಬಂದವಳು, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದಳು. ಆ ದೇಶದ ಭಾಷೆಯನ್ನು ಗಿರಾಕಿಗಳ ಬೈಗುಳದಿಂದ ಕಲಿತಿದ್ದಳು. ಹಾಗಾಗಿ ಚೆನ್ನಾಗಿಯೇ ಕಲಿತಿದ್ದಳು.

ಒಂದು ದಿನ ಕ್ಲಬ್ಬಿನ ಮ್ಯಾನೇಜರು ತಾನೇ ಚೀಲ ಹೊತ್ತು ಬಂದ. ಹೊಸ ಆಟಗಾರ ಬಂದಿದ್ದಾನೆ, ನಿಮ್ಮ ಕಡೆಯವನು, ನಿಮ್ಮ ಭಾಷೆ ಬಿಟ್ಟು ಬೇರೇನೂ ಬಾರದು, ಸಂಜೆ ಹೊತ್ತು ಬಂದು ಮಾತು ದಾಟಿಸಿಕೊಡಿ ಎಂದ. ಹೋಗಿ ನೋಡಿದರೆ ಇಪ್ಪತ್ತೆರಡರ ಹುಡುಗ, ಯಾವ ಬಾಗಿಲಿಗೂ ತಲೆ ತಗ್ಗಿಸಬೇಕಾದ ಆಳು. ಅವಳು ಅವನನ್ನು ಉದ್ದಣ್ಣ ಎಂದಳು, ಅವನು ಅವಳನ್ನು ಇಸ್ತ್ರಿ ಅಕ್ಕ ಎಂದ. ಕೊನೆಗೆ ಕ್ಲಬ್ಬಿನವರಿಗೆಲ್ಲ ಆ ಹೆಸರುಗಳೇ ಬಾಯಿಗೆ ಬಂದವು.

ಮೊದಲನೇ ಸಂಜೆ ಉದ್ದಣ್ಣನನ್ನು ಬುಟ್ಟಿಯ ಮುಂದೆ ನಿಲ್ಲಿಸಿದರು. ಹಾಕಿದ ಹತ್ತರಲ್ಲಿ ಒಂದು ಚೆಂಡೂ ಬುಟ್ಟಿಗೆ ಬೀಳಲಿಲ್ಲ. ಕೋಚ್ ಎಲ್ಲರೆದುರು ಕೂಗಿದ: "ಈ ಬಿದಿರು ಗಳಾನ ಯಾರು ಆರಿಸಿದ್ದು? ಕೈಯಲ್ಲಿ ಹಿಡಿತ ಇಲ್ಲ, ಕಾಲಲ್ಲಿ ಜೀವ ಇಲ್ಲ. ನಾಳೆನೇ ವಿಮಾನ ಹತ್ತಿಸಿ."

ಹುಡುಗ ಅವಳ ಕಡೆ ತಿರುಗಿದ. "ಏನಂತೆ ಅಕ್ಕಾ?"

ಆ ಮುಖ ನೋಡಿ ಹೇಳಲು ಅವಳಿಗೆ ಬಾಯೇ ಬರಲಿಲ್ಲ. "ಎತ್ತರ ಚೆನ್ನಾಗಿದೆಯಂತೆ. ಕೈ ಇನ್ನೂ ಪಳಗಬೇಕಂತೆ. ದಿನಾ ಇನ್ನೂರು ಸಲ ಬುಟ್ಟಿಗೆ ಹಾಕಿ ಅಭ್ಯಾಸ ಮಾಡು ಅಂತಿದಾರೆ," ಎಂದಳು. ಇನ್ನೂರು ಎಂಬ ಲೆಕ್ಕ ಎಲ್ಲಿಂದ ಬಂತೋ ಅವಳಿಗೇ ಗೊತ್ತಿರಲಿಲ್ಲ.

ಒಪ್ಪಂದ ಮುರಿಯುವ ಕಾಗದಪತ್ರಕ್ಕೆ ಮೂರು ವಾರ ಹಿಡಿಯುತ್ತದೆಂದು ಮ್ಯಾನೇಜರು ಹೇಳಿದ. ಆ ಮೂರು ವಾರವೂ ಉದ್ದಣ್ಣ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ಇನ್ನೂರು ಚೆಂಡು ಹಾಕಿದ. ಕೋಚ್ ಬಾಗಿಲಲ್ಲಿ ನಿಂತು ನೋಡಿದ. "ಇವನಿಗೆ ಇದನ್ನ ಯಾರು ಹೇಳಿಕೊಟ್ರು?" ಎಂದು ಅವಳನ್ನೇ ಕೇಳಿದ. "ಅವನಾಗೇ ಮಾಡ್ತಿದಾನೆ," ಎಂದಳು. ನಾಲ್ಕನೇ ವಾರ ಅವನನ್ನು ಪಂದ್ಯಕ್ಕೆ ಇಳಿಸಿದರು, ಕಾಗದಪತ್ರ ಮೂಲೆಗೆ ಬಿತ್ತು.

ಮುಂದಿನದು ಆ ಊರಿಗೆಲ್ಲ ಗೊತ್ತು. ಮೂರನೇ ವರ್ಷಕ್ಕೆ ಲೀಗಿನಲ್ಲಿ ಅವನಷ್ಟು ಅಂಕ ಗಳಿಸಿದವರು ಇನ್ನೊಬ್ಬರಿರಲಿಲ್ಲ. ಬಸ್ಸುಗಳ ಬೆನ್ನ ಮೇಲೆ ಅವನ ಚಿತ್ರ ಓಡಾಡಿತು. ಕೋಚ್ ಮಾತ್ರ ಬೈಯುವುದನ್ನು ಬಿಡಲಿಲ್ಲ, ಅಕ್ಕ ಆ ಬೈಗುಳದ ಸುಕ್ಕು ತೆಗೆದು ಮಡಿಸಿ ಕೊಡುವುದನ್ನೂ ಬಿಡಲಿಲ್ಲ. ಇತ್ತ ಉದ್ದಣ್ಣ ಹೋಗಿ ಕೋಚಿಗೆ ಎದುರುತ್ತರ ಕೊಟ್ಟರೆ ಅದನ್ನೂ "ಆಗಲಿ ಸಾರ್, ತಿದ್ದಿಕೊಳ್ತೀನಿ" ಮಾಡಿ ದಾಟಿಸುತ್ತಿದ್ದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವನೋ, ಕುದುರೆ ಕಂಡರೆ ಕಾಲುನೋವು ಅನ್ನುವ ಹಾಗೆ, ಅಕ್ಕ ಇದ್ದಾಳಲ್ಲ ಎಂದು ಓಡು, ಹಿಡಿ, ನೀರು, ಅನ್ನ ಇಷ್ಟರ ಆಚೆಗೆ ಆ ಭಾಷೆ ಕಲಿಯಲೇ ಇಲ್ಲ.

ಅವಳಿಗೆ ಒಳಗೊಳಗೇ ಹೆಮ್ಮೆ ಬೆಳೆಯಿತು. ಅವನ ಅರ್ಧ ಆಟ ತನ್ನ ಬಾಯಲ್ಲಿದೆ ಅಂದುಕೊಂಡಳು. ಒಳ್ಳೆಯದು ಮಾಡಿದೆ ಎಂಬ ಸೊಕ್ಕು ಬಲು ಕೆಟ್ಟದ್ದು, ಅದಕ್ಕೆ ಯಾರೂ ಬುದ್ಧಿ ಹೇಳುವುದಿಲ್ಲ.

ಆರನೇ ವರ್ಷ, ಫೈನಲ್‌ಗೆ ಹತ್ತು ದಿನ ಇರುವಾಗ ಉದ್ದಣ್ಣನ ಬಲ ಮಂಡಿ ಊದಿಕೊಂಡಿತು. ಡಾಕ್ಟರ ಕೋಣೆಯಲ್ಲಿ ಅವನು ಮಲಗಿದರೆ ಪಾದಗಳು ಮಂಚದಿಂದ ಹೊರಗೆ ಚಾಚಿದ್ದವು. ಡಾಕ್ಟರು ಎಕ್ಸ್‌ರೇ, ಸ್ಕ್ಯಾನು ಎರಡನ್ನೂ ನೋಡಿ ಸ್ಪಷ್ಟವಾಗಿ ಹೇಳಿದರು: "ಮಂಡಿಯೊಳಗಿನ ಲಿಗಮೆಂಟ್ ಅರ್ಧ ಹರಿದಿದೆ. ಎರಡು ತಿಂಗಳು ಆಡಬಾರದು. ಈಗ ಆಡಿದ್ರೆ ಪೂರ್ತಿ ಹೋಗುತ್ತೆ. ಆಮೇಲೆ ಇವರ ಆಟ ಮುಗೀತು ಅಂತಲೇ ತಿಳ್ಕೊಳ್ಳಿ."

"ಏನಂತೆ ಅಕ್ಕಾ?"

ಕಪ್ ಗೆಲ್ಲುವ ಕನಸು ಬಿಟ್ಟು ಆ ವರ್ಷ ಅವನು ಬೇರೆ ಮಾತೇ ಆಡಿರಲಿಲ್ಲ. "ಒಳಗೆ ಸ್ವಲ್ಪ ಪೆಟ್ಟಾಗಿದೆಯಂತೆ. ಜೋಪಾನ ಅಂತಿದಾರೆ. ಆದಷ್ಟು ವಿಶ್ರಾಂತಿ ತಗೋ ತಮ್ಮಾ," ಎಂದಳು. ಎರಡು ದಿನ ಬಿಟ್ಟು ನಿಧಾನವಾಗಿ ಪೂರ್ತಿ ಹೇಳಿದರಾಯಿತು ಎಂದುಕೊಂಡಳು. ಎರಡು ದಿನ ನಾಲ್ಕಾಯಿತು. ಆ ಹೊತ್ತಿಗೆ ಊತ ಇಳಿದಿತ್ತು, ಅವನು ನಗುತ್ತಿದ್ದ.

ಪಂದ್ಯದ ಹಿಂದಿನ ದಿನ ಕೋಚೇ ಕರೆದ. ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ಡಾಕ್ಟರು ನಂಗೂ ಹೇಳಿದಾರೆ. ಕಾಲು ಹೋಗಬಹುದು ಅಂತ ಗೊತ್ತಿದ್ದೂ ಆಡ್ತೀಯಾ? ಬೇಡ ಅಂದ್ರೆ ನಾನು ತಪ್ಪು ತಿಳ್ಕೊಳ್ಳಲ್ಲ," ಎಂದ. ದೇವರು ಇನ್ನೊಂದು ಅವಕಾಶ ಕೊಟ್ಟಿದ್ದ. ಆದರೆ ಈಗ ನಿಜ ಹೇಳಿದರೆ ಒಂಬತ್ತು ದಿನದ ಸುಳ್ಳೂ ಬಯಲಾಗಬೇಕಿತ್ತು. "ನೋವಿದ್ರೂ ಆಡ್ತೀಯಾ ಅಂತ ಕೇಳ್ತಿದಾರೆ," ಎಂದಳು. "ಆಡ್ದೆ ಇರ್ತೀನಾ!" ಎಂದ ಉದ್ದಣ್ಣ. ಕೋಚ್ ಅವನನ್ನು ತಬ್ಬಿಕೊಂಡ.

ಕಪ್ ಗೆದ್ದರು. ಕೊನೆಯ ಚೆಂಡು ಹಾಕಿ ನೆಲಕ್ಕೆ ಬಂದವನು ಮತ್ತೆ ಏಳಲಿಲ್ಲ. ಇಡೀ ಊರು ಕುಣಿಯುವಾಗ ಇಸ್ತ್ರಿ ಅಕ್ಕ ಆಂಬುಲೆನ್ಸಿನಲ್ಲಿ ಅವನ ಕೈ ಹಿಡಿದು ಕೂತಿದ್ದಳು.

ಆಪರೇಷನ್ ಆಗಿ ಒಂದು ವಾರಕ್ಕೆ ಉದ್ದಣ್ಣ ಆಸ್ಪತ್ರೆಯ ಹಾಸಿಗೆಯ ಮೇಲೆ ಪತ್ರಿಕೆ ಹರಡಿಕೊಂಡಿದ್ದ. ಮೊದಲ ಪುಟದಲ್ಲಿ ಅವನದೇ ಚಿತ್ರ, ಪಕ್ಕದಲ್ಲಿ ಡಾಕ್ಟರದು. "ಓದಿ ಹೇಳಕ್ಕಾ, ಏನು ಹೊಗಳಿದಾರೆ ನೋಡೋಣ."

ಅವಳು ಕಣ್ಣಾಡಿಸಿದಳು. ಮಹಾವೀರ, ಚಿನ್ನದ ಕೈ ಎಂದೇನಾದರೂ ಹೇಳಿ ಮಡಿಸಿಡಬಹುದಿತ್ತು. ನಾಲಿಗೆ ಹೊರಳಲಿಲ್ಲ. ಅಲ್ಲಿದ್ದದ್ದನ್ನು ಇದ್ದ ಹಾಗೇ ಹೇಳಿದಳು: "ಡಾಕ್ಟರು ಹೇಳಿದಾರೆ, ಈಗ ಆಡಿದ್ರೆ ಆಟವೇ ಮುಗಿಯುತ್ತೆ ಅಂತ ನಾನು ಹತ್ತು ದಿನ ಮೊದಲೇ ಹೇಳಿದ್ದೆ. ಎಲ್ಲಾ ತಿಳಿದೂ ಆಡಿದ ಧೀರ ಅವರು, ಅಂತ."

ಅವನು ಪತ್ರಿಕೆಯಲ್ಲಿನ ಡಾಕ್ಟರ ಚಿತ್ರದ ಮೇಲೆ ಬೆರಳಿಟ್ಟ. "ಹೇಳಿದ್ರಾ?"

"ಹೇಳಿದ್ರು."

"ನೀನು ನಂಗೆ ಹೇಳ್ಲಿಲ್ಲ."

"ಹೇಳ್ಲಿಲ್ಲ ತಮ್ಮಾ."

ಯಾಕೆ ಎಂದು ಕೇಳಿದ. ಅವಳು ಮೊದಲನೇ ಸಂಜೆಯಿಂದ ಶುರುಮಾಡಿದಳು. ಗಳ ಎಂದದ್ದು, ವಿಮಾನ ಹತ್ತಿಸಿ ಎಂದದ್ದು, ಇನ್ನೂರು ಎಂದು ತಾನೇ ಹುಟ್ಟಿಸಿದ್ದು, ಆರು ವರ್ಷ ನುಂಗಿದ್ದೆಲ್ಲವನ್ನೂ ಕಕ್ಕಿದಳು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ಅವಳಿಗೆ ಆಡದೇ ಉಳಿಸಿದ ಮಾತೇ ಮನೆ ಕೆಡಿಸಿತ್ತು.

"ಅವತ್ತು ನೀನು ಇದ್ದಿದ್ದು ಇದ್ದ ಹಾಗೆ ಹೇಳಿದ್ರೆ ನಾನು ಮಾರನೇ ದಿನವೇ ಊರು ಸೇರ್ತಿದ್ದೆ," ಎಂದ ಉದ್ದಣ್ಣ. "ಈ ಹೆಸರು ಇರ್ತಿರ್ಲಿಲ್ಲ. ಕಾಲು ಇರ್ತಿತ್ತು." ಗೋಡೆ ಕಡೆ ಮಗ್ಗುಲು ಬದಲಿಸಿದ. ಅವಳು ಬಾಗಿಲು ಮುಂದೆ ಮಾಡಿಕೊಂಡು ಹೊರಟಳು.

ಮಾರನೇ ಬೆಳಿಗ್ಗೆ ಬರಬಾರದು ಅಂದುಕೊಂಡೇ ಬಂದಳು. ಡಾಕ್ಟರು ಕಟ್ಟು ಬಿಚ್ಚಿ, ಮಂಡಿ ಮಡಿಸಿ, ಚಾಚಿಸಿ ನೋಡಿದರು. ಅವರು ಹೇಳಿದ್ದನ್ನು ಅವಳು ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ದಾಟಿಸಿದಳು. "ನಡೀಬಹುದು. ಮೆಟ್ಟಿಲು ಹತ್ತಬಹುದು. ಓಡೋಕೆ, ನೆಗೆಯೋಕೆ ಆಗಲ್ಲ. ಇನ್ನು ಆಟ ಇಲ್ಲ ಅಂತಿದಾರೆ."

"ಇದು ಅವರು ಹೇಳಿದ್ದಾ, ನೀವು ಹೇಳ್ತಿರೋದಾ?"

ಆರು ವರ್ಷದಲ್ಲಿ ಅವನು ಅವಳನ್ನು ನೀವು ಎಂದದ್ದು ಅದೇ ಮೊದಲು.

"ಅವರೇ ಹೇಳಿದ್ದು," ಎಂದಳು.

ಅವನು ಅವಳ ಕಡೆ ನೋಡಲಿಲ್ಲ. ಆಟದ ಅಂಗಳದಲ್ಲಿ ಹೆಕ್ಕಿಕೊಂಡಿದ್ದ ನಾಲ್ಕು ಹರಕು ಮಾತನ್ನು ಜೋಡಿಸಿಕೊಂಡು, ಆ ದೇಶದ ಭಾಷೆಯಲ್ಲಿ ನೇರವಾಗಿ ಡಾಕ್ಟರನ್ನೇ ಕೇಳಿದ: "ನಾನು... ಆಟ... ಇಲ್ಲ?"

ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟು ಇಲ್ಲವೆಂದು ತಲೆಯಾಡಿಸಿದರು. ಆಗ ಅವನು ನಂಬಿದ. ಇಬ್ಬರ ನಡುವೆ ನಿಂತಿದ್ದ ಇಸ್ತ್ರಿ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.